ಮಾಮಾ ಅವರ ಮತ ನನಗೇಕೆ ಗೊತ್ತಿರಬೇಕು?

2024ರ ಮೇ 13ರಂದು ಪುಣೆಯ ಮತಗಟ್ಟೆಯೊಂದರಲ್ಲಿ ನಾನು ಎರಡು ಸಲ ಗುಂಡಿ ಒತ್ತಿದೆ. ಕಾನೂನು ಮುರಿಯಲಿಲ್ಲ, ಕಾನೂನಿನ ಪ್ರಕಾರವೇ ಒತ್ತಿದೆ. ಒಂದು ನನ್ನ ಮತ, ಇನ್ನೊಂದು ನಮ್ಮ ಮಾಮಾ ಅವರದು. ಅರವತ್ತು ದಾಟಿದ ಮೇಲೆ ಗ್ಲಾಕೋಮಾದಿಂದ ಅವರ ಕಣ್ಣು ಹೋಗಿದೆ. ಹೊರಗೆ ಮೆಟ್ಟಿಲು ಇಳಿಯುವಾಗ ನನ್ನ ತೋಳು ಹಿಡಿದುಕೊಂಡೇ ಕೇಳಿದರು: "ನಾ ಹೇಳಿದ್ದಕ್ಕs ಒತ್ತೀಯಲ್ಲ?"

ನಮ್ಮಿಬ್ಬರ ರಾಜಕೀಯ ಎಂದೂ ಕೂಡಿ ಬಂದದ್ದಲ್ಲ. ಅವರು ಹೇಳಿದ್ದಕ್ಕೇ ಒತ್ತಿದ್ದೆ. ಆದರೆ ಅದಕ್ಕೆ ಅವರ ಬಳಿ ಇರುವ ಪುರಾವೆ ನನ್ನ ಬಾಯಿಮಾತು ಮಾತ್ರ.

1961ರ ಚುನಾವಣಾ ನಿರ್ವಹಣಾ ನಿಯಮಗಳಲ್ಲಿ 49ಎನ್ ಎಂಬ ನಿಯಮವಿದೆ. ಕಣ್ಣು ಕಾಣದ ಅಥವಾ ದೈಹಿಕವಾಗಿ ಅಶಕ್ತರಾದ ಮತದಾರರು 18 ತುಂಬಿದ ಜೊತೆಗಾರರೊಬ್ಬರನ್ನು ಒಳಗೆ ಕರೆದೊಯ್ಯಬಹುದು. ಒಬ್ಬರು ಒಂದು ದಿನ ಒಬ್ಬರಿಗಷ್ಟೇ ಜೊತೆಗಾರರಾಗಬಹುದು. ಮತದ ಗುಟ್ಟು ಕಾಯುತ್ತೇನೆಂದು ಬರೆದುಕೊಡಬೇಕು. ನಾನೂ ಬರೆದುಕೊಟ್ಟೆ. ನಿಯಮ ಬೇಕಾದದ್ದೇ. ಆದರೆ ಗುಟ್ಟಿನ ಮತ ಎಂದರೆ ನಾನು ಬಾಯಿ ಬಿಡದಿರುವುದಷ್ಟೇ ಏನು? ನನಗೆ ಗೊತ್ತೇ ಆಗದಿರಬೇಕಲ್ಲವೇ? ಜೊತೆಗೆ ಬಂದವನು ಸಾಲ ಕೊಟ್ಟವನಾಗಿದ್ದರೆ? ಅನ್ನ ಹಾಕುವ ಮಗನೇ ಆಗಿದ್ದರೆ? ಅವನ ಎದುರಿಗೆ ಆ ಮುದುಕರು ತಮ್ಮ ಮನಸ್ಸಿನ ಹೆಸರು ಹೇಳುತ್ತಾರೆಯೇ?

ಮತಯಂತ್ರದಲ್ಲಿ ಬ್ರೈಲ್ ಇದೆಯಲ್ಲ ಎನ್ನುವಿರಿ. ಇದೆ. ಗುಂಡಿಗಳ ಪಕ್ಕದಲ್ಲಿ ಕ್ರಮಸಂಖ್ಯೆಗಳು ಬ್ರೈಲ್‌ನಲ್ಲಿರುತ್ತವೆ. ಚಿಕ್ಕಂದಿನಲ್ಲೇ ಬ್ರೈಲ್ ಕಲಿತವರಿಗೆ ಅದು ನಿಜವಾದ ಅನುಕೂಲ. ಇಳಿವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಮಾಮಾ ಅವರ ಬೆರಳಿಗೆ ಅವು ಬರೀ ಚುಕ್ಕಿಗಳು.

ಬ್ರೈಲ್ ಬಲ್ಲವರ ದಾರಿಯೂ ವಿವಿಪ್ಯಾಟ್ ಎದುರು ನಿಂತುಹೋಗುತ್ತದೆ. ಒತ್ತಿದ ಮತದ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ಮುಕ್ತ, ನ್ಯಾಯಸಮ್ಮತ ಚುನಾವಣೆಗೆ ಈ ಕಾಗದದ ದಾಖಲೆ ಅನಿವಾರ್ಯ ಎಂದು 2013ರಲ್ಲಿ, ಸುಬ್ರಮಣಿಯನ್ ಸ್ವಾಮಿ ಅವರ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಹೇಳಿತು. ಯಂತ್ರದ ಮೇಲೆ ಅನುಮಾನಪಡುವ ಹಕ್ಕು ಎಲ್ಲರಿಗೂ ಉಂಟು. ಅನುಮಾನ ತೀರಿಸಿಕೊಳ್ಳುವ ಹಕ್ಕು ಮಾತ್ರ ಕಣ್ಣಿದ್ದವರಿಗೆ! ಕಾಣದವರಿಗೆ ಸಿಗುವುದು ಒಂದು ಬೀಪ್ ಸದ್ದು. ಯಾರಿಗೆ ಒತ್ತಿದರೂ ಅದೇ ಸದ್ದು.

"ಮನೆಯಿಂದಲೇ ಮತ ಹಾಕಬಹುದಲ್ಲ" ಎಂಬುದು ಇನ್ನೊಂದು ಉತ್ತರ. 2024ರಲ್ಲಿ 85 ದಾಟಿದವರಿಗೂ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೂ ಆ ಸೌಲಭ್ಯವಿತ್ತು. ಹಾಸಿಗೆ ಹಿಡಿದವರಿಗೆ ಅದು ದೊಡ್ಡ ಉಪಕಾರ. ಆದರೆ ಮನೆಗೆ ಬರುವುದೂ ಕಾಗದದ ಮತಪತ್ರವೇ. ಕಾಣದವರಿಗೆ ಅಲ್ಲಿಯೂ ಬೇರೆಯವರ ಕಣ್ಣೇ ಗತಿ.

ಇದು ದಯೆ ತೋರಿಸಿ ಎಂಬ ಮನವಿಯಲ್ಲ. ಎಲ್ಲ ಮತಗಟ್ಟೆಗಳೂ ಅಂಗವಿಕಲರಿಗೆ ಸುಗಮವಾಗಿರಬೇಕು, ಚುನಾವಣೆಗೆ ಸಂಬಂಧಿಸಿದ ಎಲ್ಲ ಸಾಮಗ್ರಿಯೂ ಅವರಿಗೆ ಅರ್ಥವಾಗುವಂತೆ, ಎಟುಕುವಂತೆ ಇರಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಚುನಾವಣಾ ಆಯೋಗಕ್ಕೆ ಹೊಣೆ ಹೊರಿಸಿದೆ. ಇಳಿಜಾರು ಕಟ್ಟಿ, ಗಾಲಿಕುರ್ಚಿ ತಂದಿಟ್ಟ ಮಾತ್ರಕ್ಕೆ ಆ ಹೊಣೆ ತೀರುವುದಿಲ್ಲ. ಚೀಟಿ ಚುನಾವಣೆಯ ಸಾಮಗ್ರಿ ಅಲ್ಲವೇ?

ಬೇಕಾದದ್ದು ಇಷ್ಟು: ಅಭ್ಯರ್ಥಿಗಳ ಹೆಸರನ್ನು ಕಿವಿಗೆ ಓದಿ ಹೇಳುವ, ಒತ್ತಿದ ಮೇಲೆ ಚೀಟಿಯನ್ನೂ ಓದಿ ಹೇಳುವ ಹೆಡ್‌ಫೋನ್ ವ್ಯವಸ್ಥೆ. ಯಂತ್ರದ ಸುರಕ್ಷತೆ ಕೆಡುತ್ತದೆ ಎಂಬ ಆತಂಕವನ್ನು ಹಗುರವಾಗಿ ನೋಡಬೇಕಿಲ್ಲ. ಇಂಟರ್ನೆಟ್ ಸಂಪರ್ಕವೇ ಇಲ್ಲದಂತೆ ಅದನ್ನು ರೂಪಿಸಲಿ, ಎಲ್ಲ ಪಕ್ಷಗಳ ಎದುರು ಪರೀಕ್ಷಿಸಲಿ. ದೃಷ್ಟಿಹೀನರೂ ಇತರರಷ್ಟೇ ಗುಟ್ಟಾಗಿ, ಸ್ವತಂತ್ರವಾಗಿ ಮತ ಹಾಕುವ ವ್ಯವಸ್ಥೆ ಮತಗಟ್ಟೆಗೆ ಒಂದಾದರೂ ಇರಬೇಕೆಂದು ಅಮೆರಿಕ 2002ರಲ್ಲೇ ಕಾನೂನು ಮಾಡಿತು. ಸಾಫ್ಟ್‌ವೇರ್‌ನಲ್ಲಿ ಹೆಸರು ಮಾಡಿದ ನಮ್ಮ ದೇಶಕ್ಕೆ ಇದು ಆಗದ ಕೆಲಸವೇ?

ಮುಂಬೈ, ಚೆನ್ನೈ, ದೆಹಲಿ ಎಲ್ಲೇ ಇರಿ, ಮತ ಕೇಳಲು ಬಂದವರನ್ನು ಈ ಒಂದು ಪ್ರಶ್ನೆ ಕೇಳಿ. ಮುಂದಿನ ಚುನಾವಣೆಯಲ್ಲಿ ನಾನು ಬಾಗಿಲವರೆಗೆ ಹೋಗಿ ಅಲ್ಲೇ ನಿಲ್ಲುವಂತಾಗಲಿ. ಮಾಮಾ ಒಬ್ಬರೇ ಒಳಗೆ ಹೋಗಿ ಬರಲಿ. ಯಾರಿಗೆ ಹಾಕಿದಿರಿ ಎಂದು ನಾನು ಕೇಳಿದರೆ, "ನಿನಗ್ಯಾಕಪ್ಪಾ ಅದು?" ಎಂದು ಗದರಲಿ.