ಫ್ಯೂಸಿನ ಜಾಗದಲ್ಲಿ ಸಿಗರೇಟು ಕಾಗದ

ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಕಚೇರಿಗೆ ಬಂದ ಒಂದು ದೂರನ್ನು ಬಾಂಧವರ ಮುಂದಿಡುವುದು ಅಗತ್ಯವೆಂದು ನಮಗೆ ತೋರಿದೆ. ಕುಂದಾಪುರದ ಕಡೆಯ ತರುಣನೊಬ್ಬ ಇಲ್ಲಿನ ಒಂದು ಹೋಟೆಲಿನ ವ್ಯಾನು ನಡೆಸುವವನು. ಮಳೆ ಹುಯ್ದರೆ ಠಣ್‌ಠಣಿಯಾದ ಬಳಿ ನೀರು ನಿಲ್ಲುವುದು ಕಲ್ಕತ್ತೆಯಲ್ಲಿ (2001ರಲ್ಲಿ ಹೆಸರು ಬದಲಾದರೂ ನಮ್ಮ ಬಾಯಲ್ಲಿ ಇದು ಕಲ್ಕತ್ತೆಯೇ) ಯಾರಿಗೂ ಹೊಸತಲ್ಲ. ಆ ನೀರಿನಲ್ಲಿ ವ್ಯಾನಿನ ವೈಪರು ಸಿಕ್ಕಿಕೊಂಡು ನಿಂತಿತು. ಅದರ ಫ್ಯೂಸು ಹೋಯಿತು. ರಸ್ತೆಬದಿಯ ರಿಪೇರಿಯವನು ಸಿಗರೇಟು ಪೊಟ್ಟಣದ ಬೆಳ್ಳಿಕಾಗದವನ್ನು ಆ ಸುಟ್ಟ ಫ್ಯೂಸಿಗೇ ಸುತ್ತಿ ತುರುಕಿದನು. ಹೊಸ ಫ್ಯೂಸಿಗೆ ದುಡ್ಡು ಕೇಳಿದರೆ ಧಣಿಗಳು, "ಓಡುತ್ತದಲ್ಲ, ಓಡಲಿ" ಎಂದರಂತೆ. ನಾಲ್ಕನೆಯ ದಿನ ಮತ್ತೆ ಮಳೆ, ಮತ್ತೆ ವೈಪರು ಸಿಕ್ಕಿಕೊಂಡಿತು. ಈ ಸಲ ಕರಗಲು ಫ್ಯೂಸು ಇರಲಿಲ್ಲವಾಗಿ ತಂತಿಯೇ ಸುಟ್ಟಿತು. ಎದುರಿನಿಂದ ಹೊಗೆ, ಬೆನ್ನ ಹಿಂದೆ ಎರಡು ಗ್ಯಾಸ್ ಸಿಲಿಂಡರು. ಹುಡುಗ ಇಳಿದೋಡಿ ಬ್ಯಾಟರಿಯ ತಂತಿ ಕಿತ್ತದ್ದರಿಂದ ಅನಾಹುತ ತಪ್ಪಿತು. ತಿಂಗಳ ಕೊನೆಗೆ ವೈರಿಂಗಿನ ಖರ್ಚನ್ನು ಅವನ ಸಂಬಳದಲ್ಲೇ ಮುರಿದುಕೊಂಡರು!

ಫ್ಯೂಸಿನ ಬೆಲೆ ಒಂದು ಕಾಫಿಗಿಂತ ಹೆಚ್ಚಲ್ಲ. ಮಲ್ಲಿಕ್ ಬಜಾರಿನಲ್ಲಿ ಕೇಳಿದ ಗಾತ್ರದ್ದು ಸಿಗುತ್ತದೆ. ಅಡಕೆಗೆ ಹೋದ ಮಾನ ಎಂಬುದು ಇದಕ್ಕೇ ಸರಿ.

ಫ್ಯೂಸೆಂದರೇನೆಂಬುದು ಹೋಟೆಲಿನವರಿಗೂ ಗಿರಣಿಯವರಿಗೂ ತಿಳಿಯದ್ದಲ್ಲ. ಹೋಟೆಲಿನ ಮೀಟರು ಹಲಗೆಯ ಮೇಲಿನ ಪಿಂಗಾಣಿ ಫ್ಯೂಸನ್ನು ಕಿತ್ತು ತಂತಿ ಸುತ್ತಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸೆಣಬಿನ ಧೂಳಿಗೆ ಒಂದು ಕಿಡಿ ಬಿದ್ದರೆ ಏನಾದೀತೆಂದು ಗಿರಣಿಯ ಬಾಂಧವರಿಗೆ ನಾವು ಹೇಳಬೇಕಾಗಿಲ್ಲ. ಮೋಟಾರಿನಲ್ಲಿಯೂ ಅದೇ ನ್ಯಾಯ. ತಂತಿ ತಾಳಬಲ್ಲಷ್ಟಕ್ಕಿಂತ ಹೆಚ್ಚು ವಿದ್ಯುತ್ತು ಹರಿಯತೊಡಗಿದರೆ ತಂತಿಗಿಂತ ಮೊದಲು ಫ್ಯೂಸು ತಾನು ಕರಗಿ ದಾರಿ ಕಡಿಯುತ್ತದೆ. ಹರಿವು ಇಮ್ಮಡಿಯಾದರೆ ಕಾವು ನಾಲ್ಕು ಮಡಿಯಾಗುತ್ತದೆ. ಆದುದರಿಂದ 10 ಆಂಪಿಯರಿನ ಜಾಗದಲ್ಲಿ 20ರದ್ದನ್ನು ಹಾಕಿ "ಗಟ್ಟಿಯಾಯಿತು" ಎನ್ನುವವನು ಗಾಡಿಯ ಕಾವಲುಗಾರನನ್ನೇ ಮಲಗಿಸಿದಂತೆ.

ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿದ್ದ ಅಂಬಾಸಿಡರಿನ ಹಳೆಯ ಗಾಡಿಗಳಲ್ಲಿ ಗಾಜಿನ ಕೊಳವೆಯ ಕೆಲವೇ ಫ್ಯೂಸುಗಳಿದ್ದವು. ಬಾನೆಟ್ಟು ಎತ್ತಿದರೆ ಕಣ್ಣಿಗೆ ಕಾಣುತ್ತಿದ್ದವು. ಈಗಿನ ಗಾಡಿಗಳಲ್ಲಿ ಹತ್ತಾರು ಇರುತ್ತವೆ. ಸಾಮಾನ್ಯವಾಗಿ ಒಂದು ಪೆಟ್ಟಿಗೆ ಸ್ಟೇರಿಂಗಿನ ಕೆಳಗೆ, ಇನ್ನೊಂದು ಬ್ಯಾಟರಿಯ ಹತ್ತಿರ. ಯಾವುದು ಯಾವ ದೀಪಕ್ಕೆ, ಯಾವುದು ಹಾರ್ನಿಗೆ ಎಂಬುದು ಹೆಚ್ಚಾಗಿ ಮುಚ್ಚಳದಲ್ಲೋ ಗಾಡಿಯ ಪುಸ್ತಕದಲ್ಲೋ ಅಚ್ಚಾಗಿರುತ್ತದೆ. ಇಂಜಿನು ಆರಿಸಿ, ಚಾವಿ ತೆಗೆದು, ಆ ಒಂದನ್ನು ನೆಟ್ಟಗೆ ಕಿತ್ತು ಬೆಳಕಿಗೆ ಹಿಡಿಯಿರಿ. ಒಳಗಿನ ಎಳೆ ತುಂಡಾಗಿದ್ದರೆ, ಕರಿ ಹಿಡಿದಿದ್ದರೆ, ಅದು ಹೋಯಿತೆಂದೇ ಅರ್ಥ. ಬಣ್ಣವೇ ಗಾತ್ರ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸುರು 30 ಆಂಪಿಯರು. ಅಂಕಿಯೂ ತಲೆಯ ಮೇಲಿರುತ್ತದೆ. ಅದೇ ಅಂಕಿಯದನ್ನು ಹಾಕಬೇಕು. ಹಾಕಿದ್ದು ಮತ್ತೆ ಹೋದರೆ ತಪ್ಪು ಫ್ಯೂಸಿನದಲ್ಲ. ಎಲ್ಲಿಯೋ ತಂತಿ ಉಜ್ಜಿದೆ, ನೀರು ಹೊಕ್ಕಿದೆ, ಮೋಟರು ಸಿಕ್ಕಿಕೊಂಡಿದೆ. ಮೂರನೆಯದನ್ನು ಹಾಕದೆ ಗಾಡಿಯನ್ನು ವೈರಿಂಗು ಬಲ್ಲವನ ಬಳಿಗೆ ಒಯ್ಯಬೇಕು.

ಇಷ್ಟು ಕೆಲಸ ಐದು ನಿಮಿಷದ್ದು. ಆದರೆ ಚಾಲಕನಿಗೆ ಇದು ಗೊತ್ತಿದ್ದರೆ ಸಾಲದು. ಬದಲಿ ಫ್ಯೂಸುಗಳು ಗಾಡಿಯಲ್ಲಿಯೇ ಇರಬೇಕು. ಅದು ಧಣಿಯ ಖರ್ಚು, ಆಳಿನದಲ್ಲ. ಅಕ್ಕಿ ಉದ್ದಿಗೆ ಲೆಕ್ಕವಿಟ್ಟಂತೆ ಅದಕ್ಕೂ ಲೆಕ್ಕವಿಡಲಿ. "ಬೆಳ್ಳಿಕಾಗದ ಹಾಕಿಯಾದರೂ ಓಡಿಸು" ಎಂದರೆ ಓಡಿಸುವುದಿಲ್ಲವೆನ್ನುವ ಧೈರ್ಯವನ್ನು ನಮ್ಮ ಚಾಲಕರು ತಂದುಕೊಳ್ಳಬೇಕು. ಒಬ್ಬನೇ ಹೇಳಿದರೆ ಕೆಲಸ ಹೋದೀತೆಂಬ ಅಂಜಿಕೆ ನಮಗೆ ತಿಳಿಯದ್ದಲ್ಲ. ಸಂಘವಿರುವುದು ಅದಕ್ಕಾಗಿಯೇ.

ಸಂಬಳ ಮುರಿದ ವಿಷಯ. ನೌಕರನ ಅಲಕ್ಷ್ಯದಿಂದಲೇ ನಷ್ಟವಾಗಿದ್ದರೆ ಮಾತ್ರ ಅದನ್ನು ವೇತನದಲ್ಲಿ ಹಿಡಿಯಬಹುದು. ಅದಕ್ಕೆ ಮುನ್ನ ಅವನ ಮಾತು ಹೇಳಿಕೊಳ್ಳಲು ಅವಕಾಶ ಕೊಡಬೇಕು. 1936ರ ವೇತನ ಪಾವತಿ ಕಾಯಿದೆ ಹೇಳಿದ್ದ ಈ ಮಾತನ್ನು 2019ರ ವೇತನ ಸಂಹಿತೆಯೂ ಉಳಿಸಿಕೊಂಡಿದೆ. ನಮ್ಮ ಹುಡುಗನನ್ನು ಯಾರೂ ಏನನ್ನೂ ಕೇಳಲಿಲ್ಲ. ಬೆಳ್ಳಿಕಾಗದ ಸುತ್ತಿದ ಆ ಸುಟ್ಟ ಫ್ಯೂಸನ್ನು ಅವನು ಎಸೆಯದೆ ಜೇಬಿನಲ್ಲಿಟ್ಟು ತಂದದ್ದು ಬುದ್ಧಿವಂತಿಕೆ. ಅದು ಈಗ ನಮ್ಮ ಕಚೇರಿಯ ಮೇಜಿನ ಮೇಲಿದೆ. ಧಣಿಗಳಿಗೆ ಪತ್ರ ಬರೆದಿದ್ದೇವೆ. ಉತ್ತರ ಬಂದೊಡನೆ ಇಲ್ಲಿಯೇ ಪ್ರಕಟಿಸುತ್ತೇವೆ.