ಸ್ಟೆಂಟ್ ರೋಗಿಗಳ ಹೊಟ್ಟೆ ಉರಿಗೆ ಊರಲ್ಲೇ ಸಲಹೆ ಸಿಗಲಿ



ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಗೆ ಮರಳಿದ ಕೆಲವರು ಹೊಟ್ಟೆ ಉರಿ ತಾಳಲಾರದೆ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರೆಗಳನ್ನು ತಾವೇ ನಿಲ್ಲಿಸಿಬಿಡುತ್ತಾರೆ. ಹೀಗೆ ಮಾಡಿದರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಕುತ್ತು. ನಮ್ಮ ನೆರೆಯ ಹಿರಿಯರೊಬ್ಬರು ಬೆಳಿಗ್ಗೆ ಬರೀ ಟೀ ಕುಡಿದು ಮಾತ್ರೆ ನುಂಗಿ ಅಡಿಕೆ ತೋಟಕ್ಕೆ ಹೊರಡುತ್ತಾರೆ. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಬೇರೆ! ಇವೆಲ್ಲ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವೂ ಆಗಬಹುದು. ಮಲ ಟಾರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಬರೀ ಉರಿಯಾದರೆ ಊಟದ ನಂತರ ಮಾತ್ರೆ ತೆಗೆದುಕೊಳ್ಳುವುದು, ವೈದ್ಯರನ್ನು ಕೇಳಿ ಪ್ಯಾಂಟೊಪ್ರಜೋಲ್‌ನಂಥದ್ದನ್ನು ಸೇರಿಸಿಕೊಳ್ಳುವುದು ಇದ್ದೇ ಇದೆ. ಇಷ್ಟು ಕೇಳಲು ಬೆಂಗಳೂರಿನ ಬಸ್ ಹತ್ತಬೇಕೇ? ಹಿರಿಯೂರು ಸೇರಿ ಚಿತ್ರದುರ್ಗ ಜಿಲ್ಲೆಯ ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಇಂಥವರ ತಪಾಸಣೆ ನಡೆಸಿ, ದೊಡ್ಡ ಅಕ್ಷರದ ಕನ್ನಡ ಚೀಟಿ ಕೊಡಲು ಆರೋಗ್ಯ ಇಲಾಖೆ ಕ್ರಮ ಕೈಗೊಳ್ಳಲಿ.

– ಒಬ್ಬ ಓದುಗ, ಹೊಳಲ್ಕೆರೆ