ಮೊಲದ ಮೂಗು, ನಮ್ಮ ಪರಿಮಳ

ಸಿಕಂದರಾಬಾದಿನಲ್ಲಿ ಬೆಳಗಾಗುವುದೇ ಒಂದಲ್ಲ ಒಂದು ವಾಸನೆಯೊಂದಿಗೆ. ದೇವರ ಮುಂದೆ ಊದುಬತ್ತಿ, ನೆಲಕ್ಕೆ ಫಿನಾಯಿಲ್, ಬೀರುವಿನಲ್ಲಿ ನುಸಿಗುಳಿಗೆ, ಅಂಗಡಿ ತೆರೆಯುವ ಹೊತ್ತಿಗೆ ಗಲ್ಲಾದ ಸುತ್ತ ಲೋಬಾನದ ಹೊಗೆ. ಆಷಾಢದಲ್ಲಿ ಲಷ್ಕರ್ ಬೋನಾಲು ಬಂತೆಂದರೆ ಉಜ್ಜಯಿನಿ ಮಹಾಕಾಳಿ ಗುಡಿಯ ಸುತ್ತ ಬೇವು, ಅರಿಸಿನ, ಸಾಂಬ್ರಾಣಿ ಒಂದರೊಳಗೊಂದು ಬೆರೆತಿರುತ್ತವೆ. ಇಂಥ ಊರಿನ ಎರಡು ಕೋಣೆಯ ಫ್ಲ್ಯಾಟಿಗೆ ಮಕ್ಕಳ ಹಟಕ್ಕೆ ಒಂದು ಮೊಲ ಬರುತ್ತದೆ. ಅದರ ಬೆನ್ನಿಗೇ ರೂಮ್ ಫ್ರೆಶ್ನರ್ ಕೂಡ ಬರುತ್ತದೆ. ನನ್ನ ತಕರಾರು ಈ ಎರಡನೆಯ ಅತಿಥಿಯ ಮೇಲೆ.

ಮೊಲ ಉಸಿರಾಡುವುದು ಮೂಗಿನಿಂದಲೇ. ನೆಗಡಿಯಾದರೆ ನಾವು ಬಾಯಿ ತೆರೆದು ಸುಧಾರಿಸಿಕೊಳ್ಳುತ್ತೇವೆ. ಮೊಲ ಬಾಯಿ ತೆರೆದಿದೆಯೆಂದರೆ ಪ್ರಾಣಕ್ಕೇ ಬಂದಿದೆ ಎಂದರ್ಥ. ಮೂಗಿನಲ್ಲಿ ಕಿರಿಕಿರಿಯಾದರೆ ಅದು ಮುಂಗಾಲಿನಿಂದ ಒರೆಸಿಕೊಳ್ಳುತ್ತದೆ. ಆ ಪಾದದ ಒಳಬದಿಯನ್ನು ತಿರುಗಿಸಿ ನೋಡಿ. ಕೂದಲು ಒದ್ದೆಯಾಗಿ ಅಂಟಂಟಾಗಿದ್ದರೆ ಮೂಗು ಸುರಿಯುತ್ತಿದೆ. ಸ್ಪ್ರೇ ಹೊಡೆದಾಗ ನಮ್ಮ ಮುಖದ ಮಟ್ಟದಿಂದ ಇಳಿದ ಹನಿಗಳು ಕೂರುವುದು ನೆಲದ ಮೇಲೆ, ಅದರ ಮೈಮೇಲೆ. ದಿನವಿಡೀ ಮೈ ನೆಕ್ಕಿಕೊಳ್ಳುವ ಪ್ರಾಣಿ ಅದನ್ನೂ ನೆಕ್ಕುತ್ತದೆ. ನುಂಗಿದ್ದನ್ನು ವಾಂತಿ ಮಾಡುವ ಶಕ್ತಿ ಮೊಲಕ್ಕಿಲ್ಲ.

ಅಷ್ಟಕ್ಕೂ ಫ್ರೆಶ್ನರ್ ಯಾಕೆ ಬಂತು? ಪಂಜರ ನಾರುತ್ತಿತ್ತು. ನಾರಿದ್ದು ಮೂತ್ರದ ಅಮೋನಿಯಾ. ಅದು ತಾನಾಗಿಯೇ ಮೊಲದ ಉಸಿರುದಾರಿಯನ್ನು ಸುಡುವ ಅನಿಲ. ಮಲ್ಲಿಗೆಯ ಸ್ಪ್ರೇ ಅಮೋನಿಯಾವನ್ನು ಓಡಿಸುವುದಿಲ್ಲ, ನಮ್ಮ ಮೂಗಿಗೆ ಮರೆಮಾಡುತ್ತದೆ ಅಷ್ಟೆ. ಟ್ರೇ ಬದಲಿಸಬೇಕೆಂದು ಹೇಳಲು ಬಂದ ವಾಸನೆಯ ಬಾಯಿ ಮುಚ್ಚಿಸಿ, ಮೊಲಕ್ಕೆ ಒಂದರ ಬದಲು ಎರಡು ಕಾಟ ಕೊಟ್ಟಂತಾಯಿತು. ಪರಿಮಳವೇ ಶುಚಿ ಎಂದು ನಂಬಿದ್ದರ ಫಲ ಇದು. ಟ್ರೇಯಲ್ಲಿ ಬೆಳ್ಳಗೆ ಕಟ್ಟುವ ಸುಣ್ಣದಂಥ ಪದರಕ್ಕೆ ನೀರು ಬೆರೆಸಿದ ವಿನೆಗರ್ ಸಾಕು. ತೊಳೆದು ಒಣಗಿಸಿ ಇಟ್ಟರೆ ಮುಗಿಯಿತು.

‘ನಮ್ಮದು ಗಿಡಮೂಲಿಕೆಯದು, ನೈಸರ್ಗಿಕ’ ಎನ್ನುವವರಿದ್ದಾರೆ. ಪೈನ್, ಸೀಡರ್ ಮರದ ಹೊಟ್ಟೂ ನೈಸರ್ಗಿಕವೇ. ಅದರಿಂದೇಳುವ ಘಾಟು ಆವಿ ಸಣ್ಣ ಪ್ರಾಣಿಗಳ ಯಕೃತ್ತಿನ ಕೆಲಸವನ್ನು ಏರುಪೇರು ಮಾಡುತ್ತದೆ. ‘ಅಜ್ಜಿ ಕೊಟ್ಟಿಗೆಗೂ ಧೂಪ ಹಾಕುತ್ತಿದ್ದರಲ್ಲ’ ಎಂಬ ಮಾತಿಗೆ ಮಾತ್ರ ನಾನು ಸ್ವಲ್ಪ ತಡೆದು ನಿಲ್ಲುತ್ತೇನೆ. ಹೌದು, ಹಾಕುತ್ತಿದ್ದರು. ಆದರೆ ಕೊಟ್ಟಿಗೆಯ ಹೆಂಚಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು, ದನ ಮೇಯಲು ಹೋಗುತ್ತಿತ್ತು. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಕಿಟಕಿ ಮುಚ್ಚಿ ಎಸಿ ಹಾಕಿದ ಕೋಣೆಯಲ್ಲಿ ಪಂಜರದ ಮೊಲ ಎಲ್ಲಿಗೆ ಹೋದೀತು?

ಹಾಗೆಂದು ದೇವರಿಗೆ ಊದುಬತ್ತಿ ಬೇಡವೆನ್ನುವಷ್ಟು ಕಟುವಾದಿ ನಾನಲ್ಲ. ಪೂಜೆಯ ಹೊತ್ತಿಗೆ ಮೊಲ ಬೇರೆ ಕೋಣೆಯಲ್ಲಿರಲಿ, ಕಿಟಕಿ ತೆರೆದಿರಲಿ. ಫಿನಾಯಿಲ್ ಹಾಕಿ ಒರೆಸಿದ ನೆಲವನ್ನು ಬರಿ ನೀರಲ್ಲಿ ಇನ್ನೊಮ್ಮೆ ಒರೆಸಿ, ಒಣಗಿದ ಮೇಲೆ ಬಿಡಿ. ನುಸಿಗುಳಿಗೆಯ ವಿಷಯದಲ್ಲಿ ಮಾತ್ರ ರಾಜಿಯಿಲ್ಲ, ಅದು ವಿಷ. ಊಟ ಬಿಟ್ಟು 12 ಗಂಟೆಯಾದ ಮೊಲವನ್ನು ನಾಳೆ ನೋಡೋಣ ಎಂದು ಇಟ್ಟುಕೊಳ್ಳಬೇಡಿ, ಡಾಕ್ಟರ ಬಳಿ ಒಯ್ಯಿರಿ. ಮತ್ತು ಮುಂದಿನ ಸಲ ಸ್ಪ್ರೇ ಬಾಟಲಿ ಕೈಗೆತ್ತಿಕೊಂಡಾಗ, ಒಮ್ಮೆ ಪಂಜರದ ಮಟ್ಟಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರೆಳೆದು ನೋಡಿ.